ಡ್ರಮ್ಮರ್ ಬಿಟ್ಟು ಹೋದ ಮೇಲೂ ನಮ್ಮದು ಅದೇ ಬ್ಯಾಂಡ್ ಆಗಿ ಉಳಿಯುತ್ತದೆಯೇ?

ನಿಮ್ಮ ಪ್ರಶ್ನೆಯನ್ನು ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ: ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾಗ ನೀವು ನಾಲ್ವರು ಸೇರಿ, ಕನ್ನಡದಲ್ಲಿ ಸ್ವಂತ ಹಾಡು ಕಟ್ಟಿ ನುಡಿಸುವ ರಾಕ್ ಬ್ಯಾಂಡೊಂದನ್ನು ಆರಂಭಿಸಿದಿರಿ, ಈಗ ಡ್ರಮ್ಮರ್ ಕೆಲಸ ಸಿಕ್ಕಿ ಬೆಂಗಳೂರಿಗೆ ಹೊರಟಿದ್ದಾರೆ, ಬೇರೆಯವರನ್ನು ಕರೆತಂದರೆ ಅದು ಅದೇ ಬ್ಯಾಂಡ್ ಆಗಿ ಉಳಿಯುತ್ತದೆಯೇ, ಇಲ್ಲವೇ ಹೆಸರು ಬಿಟ್ಟು ಹೊಸದಾಗಿ ಶುರು ಮಾಡಬೇಕೇ ಎಂಬುದು ನಿಮ್ಮ ಸಂದೇಹ. ನಾನು ಇದೇ ಊರಿನಲ್ಲಿ ಬಹಳ ಕಾಲದಿಂದ ಬೇಸ್ ಗಿಟಾರ್ ನುಡಿಸುತ್ತಿದ್ದೇನೆ. ಹಬ್ಬದ ದಿನಗಳಲ್ಲಿ ಆರ್ಕೆಸ್ಟ್ರಾಗಳ ಜೊತೆ, ಉಳಿದ ದಿನಗಳಲ್ಲಿ ಸ್ವಂತ ಹಾಡುಗಳ ಬ್ಯಾಂಡಿನ ಜೊತೆ. ನಮ್ಮ ಮೊದಲ ತಂಡದಲ್ಲಿದ್ದವರ ಪೈಕಿ ಇಂದು ಉಳಿದಿರುವವರು ಇಬ್ಬರೇ. ಹೆಸರು ಅದೇ ಇದೆ. ನೀವೂ ಹೆಸರು ಬಿಡಬೇಡಿ ಎಂಬುದು ನನ್ನ ಉತ್ತರ. ಆದರೆ ಡ್ರಮ್ಮರ್ ಜೊತೆಗೆ ಏನೇನು ಹೊರಟುಹೋಗುತ್ತದೆ ಎಂಬುದನ್ನು ಅವರು ಊರು ಬಿಡುವ ಮೊದಲೇ ತಿಳಿದುಕೊಳ್ಳಿ.

ಗಣೇಶನ ಹಬ್ಬದ ಹೊತ್ತಿಗೆ ನಮ್ಮ ಕಡೆ ರಸಮಂಜರಿ ಕಾರ್ಯಕ್ರಮಗಳು ಸಾಲುಗಟ್ಟುತ್ತವೆ. ರಿದಂ ಪ್ಯಾಡ್ ನುಡಿಸುವವರಿಗೆ ಮಧ್ಯಾಹ್ನ ಜ್ವರ ಬಂದರೆ ಸಂಜೆಯೊಳಗೆ ಹರಿಹರದಿಂದಲೋ ರಾಣೆಬೆನ್ನೂರಿನಿಂದಲೋ ಇನ್ನೊಬ್ಬರು ಬಂದು ಕೂರುತ್ತಾರೆ, ಮುಂದೆ ಕೂತ ಜನಕ್ಕೆ ವ್ಯತ್ಯಾಸ ಗೊತ್ತೂ ಆಗುವುದಿಲ್ಲ. ಸಿನಿಮಾ ಹಾಡುಗಳು ಎಲ್ಲ ಕಲಾವಿದರ ಕಿವಿಯಲ್ಲೂ ಮೊದಲೇ ಇರುತ್ತವೆ. ಹಾಡಿನ ಹೆಸರು ಮತ್ತು ಶ್ರುತಿ ಹೇಳಿದರೆ ಸಾಕು. ಸ್ವಂತ ಹಾಡಿನ ಬ್ಯಾಂಡಿಗೆ ಈ ಸೌಕರ್ಯ ಇಲ್ಲ. ನಿಮ್ಮ ಹಾಡು ಇರುವುದು ನಿಮ್ಮ ನಾಲ್ಕು ತಲೆಗಳಲ್ಲಿ ಮಾತ್ರ. ಎರಡನೆಯ ಚರಣಕ್ಕೆ ಮೊದಲು ಡ್ರಮ್ಸ್ ಎಲ್ಲಿ ನಿಲ್ಲುತ್ತದೆ, ಪಲ್ಲವಿ ಮರಳುವಾಗ ವೇಗ ಎಷ್ಟು ಏರುತ್ತದೆ ಎಂಬುದನ್ನು ಎಲ್ಲಿಯೂ ಬರೆದಿಟ್ಟಿರುವುದಿಲ್ಲ. ಒಬ್ಬರು ಹೋದರೆ ಆ ನೆನಪಿನ ಕಾಲುಭಾಗ ಹೋದ ಹಾಗೆ. ಸ್ನೇಹ ಮುರಿಯುವುದು, ಅಭಿಮಾನಿಗಳು ಬೇಸರಪಡುವುದು ಎಲ್ಲವೂ ಇದರ ಮುಂದೆ ಸಣ್ಣದೆಂದು ನನಗೆ ಅನ್ನಿಸುತ್ತದೆ.

ನಮ್ಮ ಪಕ್ಕದಲ್ಲೇ ಇದಕ್ಕೆ ಒಳ್ಳೆಯ ಪಾಠವೊಂದಿದೆ. ಚಿತ್ರದುರ್ಗ ಜಿಲ್ಲೆ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ಶಿವಸಂಚಾರ ತಂಡ 1997ರಿಂದ ವರ್ಷಕ್ಕೆ ಮೂರು ನಾಟಕಗಳನ್ನು ಸಿದ್ಧಪಡಿಸಿಕೊಂಡು ರಾಜ್ಯವೆಲ್ಲ ಸುತ್ತುತ್ತಿದೆ. ಅಲ್ಲಿ ನಟರು ಬರುತ್ತಾರೆ, ಹೋಗುತ್ತಾರೆ, ಶಿವಸಂಚಾರ ಮಾತ್ರ ಶಿವಸಂಚಾರವಾಗಿಯೇ ಉಳಿದಿದೆ. ಅವರಿಗೆ ಬರೆದಿಟ್ಟ ನಾಟಕ ಇರುತ್ತದೆ, ಕಲಿಸುವ ನಿರ್ದೇಶಕರು ಇರುತ್ತಾರೆ. ನಾಲ್ಕು ಜನ ಗೆಳೆಯರು ಮಹಡಿಯ ಕೋಣೆಯಲ್ಲಿ ಕಟ್ಟಿದ ಬ್ಯಾಂಡಿಗೆ ಇವೆರಡೂ ಇರುವುದಿಲ್ಲ. ಆದ್ದರಿಂದ ನಿಮ್ಮ ಡ್ರಮ್ಮರ್ ಹೊರಡುವ ಮೊದಲು ಮಾಡಬೇಕಾದ ಕೆಲಸವೆಂದರೆ ಪ್ರತಿ ಹಾಡನ್ನೂ ಮೆಟ್ರೊನೋಮ್ (ಒಂದೇ ವೇಗದಲ್ಲಿ ಟಿಕ್ ಟಿಕ್ ಎಂದು ತಾಳ ತೋರಿಸುವ ಸಾಧನ) ಹಾಕಿಕೊಂಡು, ಒಂದೊಂದು ವಾದ್ಯವೂ ಬೇರೆ ಬೇರೆ ಟ್ರ್ಯಾಕಿನಲ್ಲಿ ಇರುವಂತೆ ಧ್ವನಿಮುದ್ರಿಸಿಕೊಳ್ಳುವುದು. ಸ್ಟುಡಿಯೋದ ಗುಣಮಟ್ಟ ಬೇಕಿಲ್ಲ, ಮೈಕು, ವಾದ್ಯಗಳನ್ನು ಕಂಪ್ಯೂಟರಿಗೆ ಜೋಡಿಸುವ ಒಂದು ಆಡಿಯೊ ಇಂಟರ್‌ಫೇಸ್ ಮತ್ತು ಲ್ಯಾಪ್‌ಟಾಪ್ ಸಾಕು. ಎಲ್ಲ ವಾದ್ಯಗಳೂ ಒಟ್ಟಾಗಿ ಕೇಳುವ ಮೊಬೈಲ್ ರೆಕಾರ್ಡಿಂಗ್‌ನಲ್ಲಿ ಕಾಲಿನಿಂದ ಬಾರಿಸುವ ಕಿಕ್ ಡ್ರಮ್ಮೂ ಬೇಸೂ ಕಲಸಿಹೋಗಿರುತ್ತವೆ. ಹೊಸಬರು ಅದನ್ನು ಕೇಳಿ ಏನನ್ನೂ ಕಲಿಯಲಾರರು. ಜೊತೆಗೆ ಹಾಡಿನ ವೇಗ, ಶ್ರುತಿ, ಭಾಗಗಳ ಕ್ರಮ ಇಷ್ಟನ್ನು ಒಂದೊಂದು ಹಾಳೆಯಲ್ಲಿ ಬರೆದಿಡಿ.

ಡ್ರಮ್ಮರ್ ಹೋಗುವುದರಲ್ಲಿ ಇನ್ನೊಂದು ತೊಡಕೂ ಇದೆ. ನಮ್ಮಂಥ ಊರುಗಳಲ್ಲಿ ಡ್ರಮ್ ಕಿಟ್ ಬ್ಯಾಂಡಿನದಾಗಿರುವುದಿಲ್ಲ, ಡ್ರಮ್ಮರಿನದಾಗಿರುತ್ತದೆ. ಅದು ಅವರ ಮನೆಯ ಮಹಡಿಯಲ್ಲೇ ಇರುವುದರಿಂದ ಅಭ್ಯಾಸದ ಜಾಗವೂ ಅದೇ ಆಗಿರುತ್ತದೆ. ಗಿಟಾರನ್ನು ಸಹಿಸಿಕೊಳ್ಳುವ ನೆರೆಹೊರೆಯವರು ಡ್ರಮ್ಸ್ ಸಹಿಸಿಕೊಳ್ಳುವುದು ಅಪರೂಪ, ಪರೀಕ್ಷೆಯ ತಿಂಗಳುಗಳಲ್ಲಂತೂ ಆ ಮಾತೇ ಬೇಡ. ಹೊಸ ಡ್ರಮ್ಮರನ್ನು ಹುಡುಕುವ ಮೊದಲು ಕಿಟ್ ಇಡುವ ಕೋಣೆಯನ್ನು ಹುಡುಕಿ. ಕೋಣೆ ಸಿಗದಿದ್ದರೆ ಹೆಡ್‌ಫೋನ್ ಹಾಕಿಕೊಂಡು ನುಡಿಸಬಹುದಾದ ಎಲೆಕ್ಟ್ರಾನಿಕ್ ಕಿಟ್ ಒಂದನ್ನು ಎಲ್ಲರೂ ಹಣ ಹಾಕಿ ಬ್ಯಾಂಡಿನ ಆಸ್ತಿಯಾಗಿಯೇ ಕೊಳ್ಳುವುದು ಮೇಲು.

ಇನ್ನು ಅದೇ ಬ್ಯಾಂಡೇ ಎಂಬ ಪ್ರಶ್ನೆ. ಫ್ಲೀಟ್‌ವುಡ್ ಮ್ಯಾಕ್ 1967ರಲ್ಲಿ ಲಂಡನ್ನಿನಲ್ಲಿ ಗಿಟಾರ್ ವಾದಕ ಪೀಟರ್ ಗ್ರೀನ್ ಕಟ್ಟಿದ ಬ್ಲೂಸ್ ತಂಡ. ಆದರೆ ಹೆಸರು ಬಂದದ್ದು ಡ್ರಮ್ಮರ್ ಮಿಕ್ ಫ್ಲೀಟ್‌ವುಡ್ ಮತ್ತು ಬೇಸ್ ನುಡಿಸುವ ಜಾನ್ ಮ್ಯಾಕ್‌ವೀ ಅವರಿಂದ. ಗ್ರೀನ್ 1970ರಲ್ಲಿ ಬಿಟ್ಟರು, ಅವರ ನಂತರ ಗಿಟಾರ್ ವಾದಕರು ಒಬ್ಬರ ಹಿಂದೊಬ್ಬರು ಹೋದರು, 1974ರ ಕೊನೆಗೆ ಲಿಂಡ್ಸೆ ಬಕಿಂಗ್‌ಹ್ಯಾಮ್ ಮತ್ತು ಸ್ಟೀವಿ ನಿಕ್ಸ್ ಬಂದ ಮೇಲೆ ತಂಡದ ಸಂಗೀತವೇ ಬೇರೆಯಾಯಿತು. ಜಗತ್ತು ಇಂದು ನೆನಪಿಟ್ಟುಕೊಂಡಿರುವುದು 1977ರ ಆಲ್ಬಮ್ಮನ್ನು, ಅಂದರೆ ಕಟ್ಟಿದವನೇ ಇಲ್ಲದ ತಂಡದ ಕೆಲಸವನ್ನು. ಅಷ್ಟೂ ಬದಲಾವಣೆಗಳ ನಡುವೆ ಕದಲದೆ ಇದ್ದದ್ದು ಡ್ರಮ್ಸ್ ಮತ್ತು ಬೇಸ್. ಬೇಸ್ ನುಡಿಸುವವನ ಪಕ್ಷಪಾತ ಎಂದು ಬೇಕಾದರೆ ತಿಳಿಯಿರಿ, ಆದರೆ ಬ್ಯಾಂಡ್ ಹಳಬರಿಂದ ಹೊಸಬರಿಗೆ ದಾಟುವುದು ಈ ಜೋಡಿಯ ಮೂಲಕವೇ ಎಂದು ನಾನು ನಂಬಿದ್ದೇನೆ. ಬೆಂಗಳೂರಿನಲ್ಲಿ 1996ರಲ್ಲಿ ಹುಟ್ಟಿದ ಥರ್ಮಲ್ ಅಂಡ್ ಎ ಕ್ವಾರ್ಟರ್ ತಂಡದಲ್ಲೂ ಗಿಟಾರಿನ ಬ್ರೂಸ್ ಲೀ ಮಣಿ ಮತ್ತು ಡ್ರಮ್ಸ್‌ನ ರಾಜೀವ್ ರಾಜಗೋಪಾಲ್ ಉಳಿದರು, ಬೇಸ್ ನುಡಿಸುವವರು ಬದಲಾದರು. ಜೋಡಿಯಲ್ಲಿ ಒಬ್ಬರಾದರೂ ಉಳಿದರೆ ಹಾಡಿನ ನಡೆ ಉಳಿಯುತ್ತದೆ. ನಿಮ್ಮಲ್ಲಿ ಬೇಸ್ ನುಡಿಸುವವರು ಇನ್ನೂ ಇದ್ದಾರೆ. ಹೊಸ ಡ್ರಮ್ಮರ್ ಬಂದ ಮೇಲೆ ಮೊದಲ ಕೆಲವು ವಾರ ಗಿಟಾರನ್ನು ಪಕ್ಕಕ್ಕಿಟ್ಟು ಇವರಿಬ್ಬರನ್ನೇ ಕೂರಿಸಿ ನುಡಿಸಲು ಬಿಡಿ.

ಬದಲಾದ ಜಾಗವನ್ನು ಹೇಗೆ ತುಂಬಬೇಕೆಂಬುದಕ್ಕೆ ನಾನು ಪದೇ ಪದೇ ಉದಾಹರಿಸುವುದು ದೆಹಲಿಯ ಇಂಡಿಯನ್ ಓಷನ್ ತಂಡವನ್ನು. 1990ರಲ್ಲಿ ಸುಸ್ಮಿತ್ ಸೇನ್ ಮತ್ತು ಅಶೀಮ್ ಚಕ್ರವರ್ತಿ ಅದನ್ನು ಆರಂಭಿಸಿದರು. ಬೇಸ್‌ನ ರಾಹುಲ್ ರಾಮ್, ಡ್ರಮ್ಸ್‌ನ ಅಮಿತ್ ಕಿಲಂ ಆಮೇಲೆ ಬಂದವರು. 1994ರಿಂದ ಆ ನಾಲ್ವರೇ ಹದಿನೈದು ವರ್ಷ ಒಟ್ಟಿಗಿದ್ದರು. 2009ರ ಡಿಸೆಂಬರ್ 25ರಂದು ಅಶೀಮ್ ತೀರಿಕೊಂಡರು. ಅವರು ತಬಲಾ ನುಡಿಸುತ್ತಲೇ ಹಾಡುತ್ತಿದ್ದವರು, ಹಾಗೆ ಎರಡನ್ನೂ ಒಟ್ಟಿಗೆ ಮಾಡುವ ಇನ್ನೊಬ್ಬರನ್ನು ಎಲ್ಲಿಂದ ತರುವುದು? ತಂಡ ಅಂಥ ಪ್ರತಿರೂಪಕ್ಕಾಗಿ ಕಾಯಲಿಲ್ಲ. ತಬಲಾಕ್ಕೆ ತುಹಿನ್ ಚಕ್ರವರ್ತಿ, ಗಾಯನಕ್ಕೆ ಹಿಮಾಂಶು ಜೋಶಿ ಬಂದರು. ಒಬ್ಬರ ಜಾಗಕ್ಕೆ ಇಬ್ಬರು ಬಂದಾಗ ಹಾಡುಗಳ ಒಳಗಿನ ಜಾಗವೂ ಬೇರೆ ರೀತಿ ಹಂಚಿಹೋಗುತ್ತದೆ. 2013ರಲ್ಲಿ ಸುಸ್ಮಿತ್ ಸೇನ್ ಕೂಡ ಹೊರಬಂದು ಗಿಟಾರ್ ನಿಖಿಲ್ ರಾವ್ ಕೈಗೆ ಬಂತು. ಅಲ್ಲಿಗೆ ಕಟ್ಟಿದ ಇಬ್ಬರೂ ಇಲ್ಲದ ತಂಡವಾಯಿತು. ಹಳೆಯ ತಂಡವೇ ಚೆಂದ ಎನ್ನುವ ಕೇಳುಗರು ಇದ್ದಾರೆ, ಒಂದೆರಡು ಹಾಡುಗಳ ಮಟ್ಟಿಗೆ ನಾನೂ ಅವರ ಪಕ್ಷದವನೇ. ಆದರೂ ಅದು ಇಂಡಿಯನ್ ಓಷನ್ ಅಲ್ಲ ಎಂದು ನನಗೆ ಎಂದೂ ಅನ್ನಿಸಿಲ್ಲ, ಏಕೆಂದರೆ ಪ್ರತಿಯೊಂದು ಬದಲಾವಣೆಯ ಹೊತ್ತಿನಲ್ಲೂ ಹಳೆಯ ಹಾಡುಗಳನ್ನು ಒಳಗಿನಿಂದ ಬಲ್ಲವರು ಕನಿಷ್ಠ ಇಬ್ಬರು ವೇದಿಕೆಯ ಮೇಲಿದ್ದರು.

ಸಾಧ್ಯವಾದರೆ ಹಳಬರೂ ಹೊಸಬರೂ ಕೆಲವು ದಿನ ಒಟ್ಟಿಗೆ ಇರುವಂತೆ ನೋಡಿಕೊಳ್ಳಿ. ಇಂಗ್ಲೆಂಡಿನ ಪಿಂಕ್ ಫ್ಲಾಯ್ಡ್ ರಾಕ್ ತಂಡಕ್ಕೆ ಗಿಟಾರ್ ವಾದಕ ಡೇವಿಡ್ ಗಿಲ್ಮೋರ್ ಬಂದಾಗ, ಅವರು ಯಾರ ಜಾಗ ತುಂಬಬೇಕಿತ್ತೋ ಆ ಸಿಡ್ ಬ್ಯಾರೆಟ್ ಇನ್ನೂ ಇದ್ದರು. 1968ರ ಆರಂಭದ ಕೆಲವು ವಾರ ಅದು ಐವರ ತಂಡವಾಗಿತ್ತು. ಅಲ್ಲಿನ ಕಾರಣ ದುಃಖದ್ದು, ಬ್ಯಾರೆಟ್ ಅವರ ಮಾನಸಿಕ ಆರೋಗ್ಯ ಕೆಟ್ಟಿತ್ತು; ನಿಮ್ಮದು ಕೇವಲ ಉದ್ಯೋಗದ್ದು. ಆದ್ದರಿಂದ ನಿಮಗೆ ಇದು ಸುಲಭ.

ಹೆಸರು ಮತ್ತು ಹಕ್ಕಿನ ಮಾತನ್ನು ಎಲ್ಲರೂ ನಗುನಗುತ್ತಾ ಇರುವಾಗಲೇ ಮುಗಿಸಿಬಿಡಿ. 1974ರಲ್ಲಿ ಫ್ಲೀಟ್‌ವುಡ್ ಮ್ಯಾಕ್ ತಂಡದ ಮ್ಯಾನೇಜರ್ ಆ ಹೆಸರು ತನ್ನದೆಂದು ಹೇಳಿ, ತಂಡದವರು ಒಬ್ಬರೂ ಇಲ್ಲದ ಬೇರೆಯೇ ತಂಡವನ್ನು ಅಮೆರಿಕದ ಪ್ರವಾಸಕ್ಕೆ ಕಳಿಸಿದ್ದ, ವಿಷಯ ಕೋರ್ಟಿಗೆ ಹೋಯಿತು. ನಮ್ಮಲ್ಲಿ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಾಹಿತ್ಯ, ಸಂಗೀತ, ಧ್ವನಿಮುದ್ರಣ ಮೂರೂ ಬೇರೆ ಬೇರೆ ಹಕ್ಕುಗಳು, ನುಡಿಸಿದವರಿಗೆ ಪ್ರದರ್ಶಕರ ಹಕ್ಕು ಪ್ರತ್ಯೇಕವಾಗಿ ಇದೆ. ಬ್ಯಾಂಡ್ ಬಿಟ್ಟ ಮಾತ್ರಕ್ಕೆ ಇವು ತಾವಾಗಿಯೇ ಅಳಿಸಿಹೋಗುವುದಿಲ್ಲ. ಯಾವ ಹಾಡಿನಲ್ಲಿ ಯಾರದು ಎಷ್ಟು ಪಾಲು, ಹಳೆಯ ಹಾಡುಗಳನ್ನು ಹೊಸ ತಂಡ ನುಡಿಸಲು ಒಪ್ಪಿಗೆ ಇದೆಯೇ, ಹೆಸರು ಯಾರ ಬಳಿ ಉಳಿಯುತ್ತದೆ ಎಂಬುದನ್ನು ಒಂದು ಪುಟದಲ್ಲಿ ಬರೆದು ನಾಲ್ವರೂ ಸಹಿ ಮಾಡಿ. ಯೂಟ್ಯೂಬ್ ಚಾನೆಲ್ ಯಾರ ಇಮೇಲ್‌ನಲ್ಲಿದೆ ಎಂದೂ ಇವತ್ತೇ ನೋಡಿ.

ಡ್ರಮ್ಮರ್ ಶನಿವಾರ ಶನಿವಾರ ಬಂದು ನುಡಿಸುತ್ತಾರೆ ಎಂಬ ಏರ್ಪಾಡನ್ನು ಮಾತ್ರ ಒಪ್ಪಬೇಡಿ. ಬೆಂಗಳೂರು ಸುಮಾರು 260 ಕಿಲೋಮೀಟರ್ ದೂರ; ಮೊದಲ ತಿಂಗಳು ಬರುತ್ತಾರೆ, ಆಮೇಲೆ ಕಚೇರಿಯ ಕೆಲಸ ಬಿಡುವುದಿಲ್ಲ, ಬೇರೊಬ್ಬರನ್ನು ಹುಡುಕಲು ನಿಮಗೂ ಸಂಕೋಚವಾಗುತ್ತದೆ. ಈಗಾಗಲೇ ಕಟ್ಟಿದ ಹಾಡುಗಳ ಧ್ವನಿಮುದ್ರಣವನ್ನು ಅವರಿಂದಲೇ ಮುಗಿಸಿಕೊಂಡು, ಒಂದು ಕಾರ್ಯಕ್ರಮ ಕೊಟ್ಟು ಕಳಿಸಿಕೊಡಿ. ಹೊಸಬರನ್ನು ಪರೀಕ್ಷಿಸುವಾಗ ಹಳೆಯ ಹಾಡು ಕೊಡಬೇಡಿ, ಹಿಂದಿನವರನ್ನು ಅನುಕರಿಸುವ ಕೌಶಲವಷ್ಟೇ ಅದರಲ್ಲಿ ಕಾಣುತ್ತದೆ. ಇನ್ನೂ ಅರ್ಧ ಕಟ್ಟಿರುವ, ಡ್ರಮ್ಸ್ ಭಾಗವೇ ಇಲ್ಲದ ಹಾಡೊಂದನ್ನು ಮುಂದಿಟ್ಟು ಅವರು ಅದಕ್ಕೆ ಏನು ಸೇರಿಸುತ್ತಾರೆ ಎಂದು ಕೇಳಿ ನೋಡಿ, ಆಮೇಲೆ ನಿರ್ಧರಿಸಿ.