ಕೇಳಿಸುವುದು ಬೇರೆ, ಕೇಳುವುದು ಬೇರೆ

ಲೆಸ್ಟರ್‌ಗೆ ಬಂದು ಎರಡು ತಿಂಗಳಾಯ್ತು, ಹಿಯರ್, ಲಿಸನ್ ಎರಡಕ್ಕೂ ‘ಕೇಳು’ ಅಂತಲೇ ಕಲಿತಿದ್ದೆ, ಮಗನ ಟೀಚರ್ ಮುಂದೆ ಯಾವುದನ್ನು ಹೇಳಬೇಕೋ ತಿಳಿಯದೆ ಬಾಯಿ ಕಟ್ಟುತ್ತದೆ ಅಂತ ಬರೆದಿದ್ದೀರಿ. ನಾನು ಇಂಗ್ಲೆಂಡಿಗೆ ಬಂದು 14 ವರ್ಷ. ನನಗೂ ಹೀಗೇ ಆಗಿತ್ತು, ಅದಕ್ಕೆ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಬಂದ ಹೊಸದರಲ್ಲಿ ಮಗಳಿಗೆ ಜ್ವರ. ಬೆಳಿಗ್ಗೆ ಎದ್ದವಳೇ ಜಿಪಿ ಸರ್ಜರಿಗೆ, ಅಂದರೆ ನಮ್ಮ ಏರಿಯಾದ ಡಾಕ್ಟರ ಕ್ಲಿನಿಕ್ಕಿಗೆ, ಫೋನ್ ಮಾಡಿದೆ. ಲೈನ್ ಸರಿ ಇರಲಿಲ್ಲ. ‘ಕೇಳಿಸ್ತಿದೆಯಾ?’ ಅನ್ನಲು ಹೋಗಿ ‘ಆರ್ ಯೂ ಲಿಸನಿಂಗ್?’ ಅಂದುಬಿಟ್ಟೆ. ಆ ಕಡೆಯವರ ದನಿ ತಟ್ಟನೆ ಬಿಗಿಯಾಯಿತು. ‘ನನ್ನ ಮಾತಿನ ಕಡೆ ಗಮನ ಇದೆಯಾ?’ ಅಂತ ನಾನು ಗದರಿದ ಹಾಗೆ ಅವರಿಗೆ ಕೇಳಿಸಿತ್ತು. ‘ಕ್ಯಾನ್ ಯೂ ಹಿಯರ್ ಮಿ?’ ಅಂದಿದ್ದರೆ ಸಾಕಿತ್ತು.

ಇದಕ್ಕೆ ಬೀಗದ ಕೈ ನಮ್ಮ ಕನ್ನಡದಲ್ಲೇ ಇದೆ. ‘ನನಗೆ ಹಾಡು ಕೇಳಿಸಿತು’ ಅನ್ನುತ್ತೇವೆ, ‘ನಾನು ಹಾಡು ಕೇಳಿದೆ’ ಅಂತಲೂ ಅನ್ನುತ್ತೇವೆ. ‘ನನಗೆ’ ಅಂತ ಬಂದರೆ ಅದು ತಾನಾಗಿ ಕಿವಿಗೆ ಬಿದ್ದದ್ದು, ಹಿಯರ್. ‘ನಾನು’ ಅಂತ ಬಂದರೆ ಬೇಕೆಂದೇ ಕಿವಿಗೊಟ್ಟದ್ದು, ಲಿಸನ್. ಕಣ್ಣಿಗೂ ಇದೇ ಲೆಕ್ಕ. ನನಗೆ ಕಾಣಿಸಿದರೆ ಸೀ, ನಾನು ನೋಡಿದರೆ ಲುಕ್. ತಾನಾಗಿ ಆಗುವುದಾದ್ದರಿಂದಲೇ ‘ಐ ಆಮ್ ಹಿಯರಿಂಗ್ ಯೂ’ ಅನ್ನುವುದಿಲ್ಲ, ‘ಐ ಕ್ಯಾನ್ ಹಿಯರ್ ಯೂ’ ಅನ್ನುತ್ತಾರೆ. ಯಾವುದನ್ನು ಅಂತ ಹೇಳುವಾಗ ಲಿಸನ್ ಆದಮೇಲೆ ‘ಟು’, ಲುಕ್ ಆದಮೇಲೆ ‘ಆಟ್’ ಬಿಡಬೇಡಿ. ಬಾಯಲ್ಲಿ ಜಾಸ್ತಿ ತಪ್ಪಿಹೋಗುವುದು ಇವೇ.

ಓಡಾಡುವ, ಬದಲಾಗುವ ಏನನ್ನಾದರೂ ಕಣ್ಣಿಟ್ಟು ನೋಡಿದರೆ ವಾಚ್. ಟಿವಿ, ಮ್ಯಾಚು, ಆಡುವ ಮಕ್ಕಳು. ರೈಲಿನಲ್ಲಿ ಪಕ್ಕದವರು ‘ಕುಡ್ ಯೂ ವಾಚ್ ಮೈ ಬ್ಯಾಗ್?’ ಅಂದರೆ ನಮ್ಮ ‘ಸ್ವಲ್ಪ ಬ್ಯಾಗ್ ನೋಡ್ಕೊಂಡಿರಿ’ ಅಷ್ಟೇ. ಡಾಕ್ಟರಿಗೆ ಮಾತ್ರ ಸೀ. ಊರಲ್ಲಿ ದೊಡ್ಡವರು ‘ಡಾಕ್ಟರನ್ನ ಕಂಡು ಬಾ’ ಅನ್ನುತ್ತಾರಲ್ವಾ, ಹಾಗೇ.

ಇನ್ನೊಂದು ‘ಕೇಳು’ ಉಳಿಯಿತು. ಪ್ರಶ್ನೆ ಕೇಳಿದರೆ ಆಸ್ಕ್, ನೀರು ಕೇಳಿದರೆ ಆಸ್ಕ್ ಫಾರ್. ನಾವು ಊರಲ್ಲಿ ಅಭ್ಯಾಸ ಮಾಡಿಕೊಂಡಿರುವ ‘ಐ ಹ್ಯಾವ್ ಎ ಡೌಟ್’ ಇಲ್ಲಿಯವರಿಗೆ ‘ನಿಮ್ಮ ಮಾತಿನ ಮೇಲೆ ನನಗೆ ನಂಬಿಕೆ ಇಲ್ಲ’ ಅಂದ ಹಾಗೆ ಕೇಳಿಸುತ್ತದೆ. ಟೀಚರ್ ಹತ್ತಿರ ‘ಐ ಹ್ಯಾವ್ ಎ ಕ್ವೆಶ್ಚನ್’ ಅನ್ನಿ.

ಮಗ ರಿಸೆಪ್ಷನ್‌ನಲ್ಲಿ, ಅಂದರೆ ಇಲ್ಲಿಯ ಶಾಲೆಯ ಮೊಟ್ಟಮೊದಲ ಕ್ಲಾಸಿನಲ್ಲಿ, ಇದ್ದಾನೆ ಅಂದಿರಿ. ಸಂಜೆ ಗೇಟಿನ ಹತ್ತಿರ ಟೀಚರ್ ‘ಹಿ ವಾಸ್‌ನ್ಟ್ ಲಿಸನಿಂಗ್ ಟುಡೇ’ ಅಂದರೆ ಗಾಬರಿಯಾಗಬೇಡಿ. ನಮ್ಮಲ್ಲಿ ‘ಇವತ್ತು ಮಾತು ಕೇಳಲಿಲ್ಲ’ ಅನ್ನುವುದೇ ಅದು. ಮನೆಗೆ ಹೋಗಿ ಅವನ ಹತ್ತಿರ ಮೆಲ್ಲಗೆ ಮಾತಾಡಿ. ಆದರೆ ‘ಐ ಡೋಂಟ್ ಥಿಂಕ್ ಹಿ ಕ್ಯಾನ್ ಹಿಯರ್ ಮಿ’ ಅಂದರೆ ಮಗುವನ್ನು ಬೈಯಬೇಡಿ. ಅದು ಕಿವಿಯ ವಿಷಯ, ತಡ ಮಾಡದೆ ಜಿಪಿಯನ್ನು ಕಂಡು ಪರೀಕ್ಷೆ ಮಾಡಿಸಿ.