ಓದುಗರ ಪ್ರಶ್ನೆ: ಜರ್ಮನ್ ಸೈನಿಕರ ಬೂಟು

ಪ್ರಶ್ನೆ: ಹರಾಜಿನಲ್ಲಿ ಜರ್ಮನ್ ಸೇನೆಯ ‘ಮಾರ್ಶ್‌ಸ್ಟೀಫೆಲ್’ ಉದ್ದ ಬೂಟೊಂದು ಬಂದಿದೆ. 1940ರದ್ದಂತೆ. ಅಸಲಿಯೇ ಎಂದು ಹೇಗೆ ತಿಳಿಯುವುದು?

ಉತ್ತರ: ಮೊದಲು ಅಟ್ಟೆಯ ಫೋಟೊ ಕೇಳಿ. ಯುದ್ಧದ ನಂತರ ಪೂರ್ವ, ಪಶ್ಚಿಮ ಎರಡೂ ಜರ್ಮನಿಗಳ ಸೇನೆಗಳು ಇದೇ ಮಾದರಿಯ ಬೂಟು ತೊಟ್ಟವು. ಅವಕ್ಕೆ ಮೊಳೆ ಬಡಿದು ಯುದ್ಧಕಾಲದ್ದೆಂದು ಮಾರುವ ಮೋಸ ಬಹಳ.

ಅಸಲಿಯದು ಚರ್ಮದ ಅಟ್ಟೆ. ಹಿಮ್ಮಡಿಗೆ ಕಬ್ಬಿಣದ ಲಾಳ, ಮುಂದೆ ಸುಮಾರು 35–45 ಮೊಳೆ. ಅಟ್ಟೆಯ ನಡುವಿನ ಕಿರಿದಾದ ಜಾಗದಲ್ಲಿ ಮರದ ಪುಟ್ಟ ಮೊಳೆಗಳು ಚುಕ್ಕಿಸಾಲಿನಂತೆ ಕಾಣುತ್ತವೆ. ಚೆನ್ನಾಗಿ ತುಳಿದಾಡಿದ ಬೂಟಾದರೆ ಮೊಳೆಯ ತಲೆ ಚಪ್ಪಟೆಯಾಗಿ ಚರ್ಮದೊಳಕ್ಕೆ ಕೂತಿರುತ್ತದೆ, ಸುತ್ತ ತುಕ್ಕಿನ ಕಪ್ಪು ಇಳಿದಿರುತ್ತದೆ. ಸವೆದ ಅಟ್ಟೆಯ ಮೇಲೆ ಸವೆಯದ ಮೊಳೆಗಳೇ ತುಂಬಿದ್ದು, ತುಕ್ಕು ಕಿತ್ತಳೆ ಬಣ್ಣದಲ್ಲಿದ್ದರೆ ಕೈಬಿಡಿ. ನಾಲ್ಕೈದು ಮೊಳೆ ಹೊಸದಾಗಿದ್ದರೆ ಚಿಂತೆಯಿಲ್ಲ. ಸೇನೆಯಲ್ಲೇ ದುರಸ್ತಿ ನಡೆಯುತ್ತಿತ್ತು. ಅಚ್ಚಿನ ರಬ್ಬರ್ ಅಟ್ಟೆ ಇದ್ದರೆ ಮುಂದೆ ನೋಡುವುದೇ ಬೇಡ.

ಆಮೇಲೆ ಮುದ್ರೆ. 0/0000/0000 ರೂಪದ ತಯಾರಕರ ಸಂಖ್ಯೆ (ಆರ್‌ಬಿ ನಂಬರ್) ಬಳಕೆಗೆ ಬಂದದ್ದು 1942ರ ಕೊನೆಗೆ. ಹಾಗಾಗಿ ಆ ಮುದ್ರೆಯಿರುವ ಬೂಟು 1940ರದ್ದಾಗಲು ಸಾಧ್ಯವೇ ಇಲ್ಲ. ಎತ್ತರವನ್ನೂ ಅಳೆಸಿ: ಮೊದಲು 35–39 ಸೆಂ.ಮೀ. ಇದ್ದದ್ದನ್ನು 1939ರಲ್ಲಿ ಚರ್ಮ ಉಳಿಸಲು 29–35ಕ್ಕೆ ಇಳಿಸಿದರು. ಅಧಿಕಾರಿಗಳ ಬೂಟಿಗೆ ಈ ಲೆಕ್ಕ ಹಿಡಿಯಬೇಡಿ.

ಪ್ರಶ್ನೆ: ನಾನಿರುವುದು ಮಂಗಳೂರಿನಲ್ಲಿ. ಇಂಥದೇ ಬೂಟಿನ ಚರ್ಮ ಸೆಟೆದಿದೆ, ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಎಣ್ಣೆ ಹಚ್ಚಲೇ?

ಉತ್ತರ: ದಯವಿಟ್ಟು ಬೇಡ. ಎಣ್ಣೆ ಚರ್ಮವನ್ನು ಕಪ್ಪಾಗಿಸಿ, ಧೂಳನ್ನು ಹಿಡಿದಿಟ್ಟು, ಬೂಷ್ಟಿಗೆ ಆಹಾರವಾಗುತ್ತದೆ. ಹಚ್ಚಿದ್ದನ್ನು ಮತ್ತೆ ತೆಗೆಯಲೂ ಆಗದು. ಕಾಲಿಗೆ ಹಾಕಿ ನೋಡಲೂ ಬೇಡಿ. ಎಂಬತ್ತು ವರ್ಷದ ಹೊಲಿಗೆ ಮಡಿಕೆಯಲ್ಲೇ ಬಿಡುತ್ತದೆ.

ಬೂಷ್ಟನ್ನು ಮನೆಯ ಹೊರಗೆ, ನೆರಳಿನಲ್ಲಿ, ಮಾಸ್ಕ್ ಹಾಕಿಕೊಂಡು ಮೆತ್ತನೆಯ ಒಣ ಬ್ರಷ್‌ನಿಂದ ತೆಗೆಯಿರಿ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಚರ್ಮದ ಒಳಕ್ಕೇ ಇಳಿಯುತ್ತದೆ, ಬಿಸಿಲಿಗಿಟ್ಟರೆ ಚರ್ಮ ಬಿರಿಯುತ್ತದೆ. ಒಳಗೆ ಆಮ್ಲರಹಿತ ಟಿಶ್ಯೂ ಕಾಗದವನ್ನು ಸಡಿಲವಾಗಿ ತುಂಬಿ, ಬೂಟಿನ ಉದ್ದ ಕೊಳವೆ ಕುಸಿಯದಂತೆ ನಿಲ್ಲಿಸಿ. ದಿನಪತ್ರಿಕೆಯಲ್ಲಿ ಆಮ್ಲವಿರುತ್ತದೆ, ತುರುಕಬೇಡಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ. ಕಪಾಟಿನಲ್ಲಿ ತೇವಮಾಪಕ ಇಟ್ಟು, ತೇವಾಂಶ 45–55% ಇರುವಂತೆ ಸಿಲಿಕಾ ಜೆಲ್ ಬದಲಾಯಿಸುತ್ತಿರಿ. 40ಕ್ಕಿಂತ ಕೆಳಗಿಳಿದರೆ ಚರ್ಮ ಇನ್ನಷ್ಟು ಸೆಟೆಯುತ್ತದೆ.

ಮುಟ್ಟಿದಾಗ ಬೆರಳಿಗೆ ಕೆಂಗಂದು ಪುಡಿ ಅಂಟಿದರೆ ಚರ್ಮವೇ ಕಳಚುತ್ತಿದೆಯೆಂದು ಅರ್ಥ. ಬ್ರಷ್ ಕೆಳಗಿಟ್ಟು ವಸ್ತುಸಂಗ್ರಹಾಲಯದ ಸಂರಕ್ಷಣಾ ತಜ್ಞರಿಗೆ ತೋರಿಸಿ.