ಪದವಿನ ಮೇಲಿನ ಉದ್ದ ಗೆರೆ ರನ್‌ವೇಯಾ?

ಪ್ರಶ್ನೆ: ಗೂಗಲ್ ಅರ್ತ್‌ನಲ್ಲಿ ನಮ್ಮ ಮನೆ ಹಿಂದಿನ ಪದವು (ಗುಡ್ಡದ ಮೇಲಿನ ಬೋಳು ಬಯಲು) ನೋಡುವಾಗ ನೆಟ್ಟಗಿನ ಬೂದು ಗೆರೆಯೊಂದು ಕಂಡಿತು. ಹತ್ತಿರ ಹತ್ತಿರ ಒಂದು ಕಿಲೋಮೀಟರ್ ಉದ್ದ. ಯುದ್ಧದ ಕಾಲದಲ್ಲಿ ಅಲ್ಲೆಲ್ಲೋ ವಿಮಾನ ಇಳಿದಿತ್ತು ಅಂತ ಅಜ್ಜ ಹೇಳುತ್ತಿದ್ದರು. ಇದು ಹಳೆಯ ರನ್‌ವೇ ಇರಬಹುದಾ?
– ಓದುಗರು, ಹಿರಿಯಡ್ಕ

ಉತ್ತರ: ಇರಬಹುದು. ಆದರೆ ಗೆರೆ ನೆಟ್ಟಗಿದೆ ಅನ್ನುವುದೊಂದನ್ನೇ ನಂಬಬೇಡಿ ಮಾರಾಯ್ರೆ, ನಮ್ಮ ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ನೆಟ್ಟಗಿನ ಗೆರೆಗಳಿಗೆ ಬರವಿಲ್ಲ. ಹೈಟೆನ್ಶನ್ ಲೈನಿಗೆ ಮರ ಕಡಿದ ಜಾಗ, ಗ್ಯಾಸ್ ಪೈಪ್ ಹೂತ ಪಟ್ಟಿ, ಮುರಕಲ್ಲಿನ (ಲ್ಯಾಟರೈಟ್) ಕೋರೆ, ಎಲ್ಲವೂ ಮೇಲಿನಿಂದ ಹಾಗೆಯೇ ಕಾಣುತ್ತವೆ.

ಮೊದಲು ಅಗಲ ಅಳೆಯಿರಿ. ಗೂಗಲ್ ಅರ್ತ್‌ನಲ್ಲೇ ಅಳೆಯುವ ಸ್ಕೇಲ್ ಇದೆ. ಎರಡು ಲೇನಿನ ಡಾಂಬರು ರಸ್ತೆ ಏಳು ಮೀಟರ್ ಅಗಲ. ರನ್‌ವೇಗಳು ಸಾಮಾನ್ಯವಾಗಿ ಅದರ ಮೂರು ಪಟ್ಟಾದರೂ ಇರುತ್ತವೆ, ದೊಡ್ಡ ವಿಮಾನಗಳಿಗೆ 45 ಮೀಟರ್. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್‌ನಲ್ಲಿ ಬಾಂಬರ್‌ಗಳಿಗೆಂದು ಕಟ್ಟಿದ ಮುಖ್ಯ ರನ್‌ವೇಗಳ ಮಾಮೂಲಿ ಅಳತೆ 2,000 ಗಜ ಉದ್ದ, 50 ಗಜ ಅಗಲ.

ಆಮೇಲೆ ತುದಿ ನೋಡಿ. ಪೈಪ್‌ಲೈನ್ ಗುಡ್ಡ ಹತ್ತಿ ಇಳಿದು ಮುಂದೆ ಹೋಗುತ್ತಲೇ ಇರುತ್ತದೆ. ರನ್‌ವೇ ಹಾಗಲ್ಲ, ಒಂದು ಕಡೆ ತಟ್ಟನೆ ನಿಂತುಬಿಡುತ್ತದೆ. ಕೆಲವು ಕಡೆ ಅಲ್ಲಿ ವಿಮಾನ ತಿರುಗಿಸಲು ಅಗಲ ಜಾಗ ಮಾಡಿರುತ್ತಾರೆ. ಪಕ್ಕದಿಂದ ಕಿರಿದಾದ ಟ್ಯಾಕ್ಸಿವೇ, ಅಂದರೆ ವಿಮಾನ ರನ್‌ವೇಗೆ ಹೋಗಿಬರುವ ದಾರಿ, ಹೊರಟು ಮೆಲ್ಲಗೆ ಬಾಗಿ ಇನ್ನೊಂದು ಅಂಗಳಕ್ಕೆ ಸೇರಿದ್ದರೆ ನಿಮ್ಮ ಅಜ್ಜನ ಮಾತಿಗೆ ಬಲ ಬಂತು. ಯುದ್ಧಕಾಲದ ನಿಲ್ದಾಣಗಳಲ್ಲಿ ದೂರ ದೂರಕ್ಕೆ ಉಂಗುರದಂಥ ಸಣ್ಣ ಸಣ್ಣ ಜಾಗಗಳೂ ಕಾಣಸಿಗುತ್ತವೆ, ಒಂದೇ ಬಾಂಬಿಗೆ ಎಲ್ಲ ವಿಮಾನ ಹೋಗಬಾರದು ಅಂತ ಅವುಗಳನ್ನು ಹೀಗೆ ಚೆಲ್ಲಿ ನಿಲ್ಲಿಸುತ್ತಿದ್ದರು.

ಇಲ್ಲಿ ಜಾಸ್ತಿ ಮೋಸ ಮಾಡುವುದು ನಮ್ಮ ಮುರಕಲ್ಲೇ. ಏಪ್ರಿಲ್, ಮೇ ತಿಂಗಳ ಚಿತ್ರದಲ್ಲಿ ಬೋಳು ಪಾದೆ (ಹಾಸುಬಂಡೆ) ಥೇಟ್ ಹಳೆಯ ಡಾಂಬರಿನ ಬಣ್ಣ. ಮಳೆಗಾಲದಲ್ಲಿ ಮೋಡ, ಚಿತ್ರ ಸಿಗುವುದೇ ಕಷ್ಟ. ಹಾಗಾಗಿ ಗೂಗಲ್ ಅರ್ತ್‌ನ ಹಳೆಯ ಚಿತ್ರಗಳಿಗೆ ಹೋಗಿ ಅಕ್ಟೋಬರ್, ನವೆಂಬರ್‌ನದ್ದು ಹುಡುಕಿ. ಸುತ್ತ ಹಸಿರಿರುವಾಗ ಕಾಂಕ್ರೀಟಿನ ಮೇಲೆ ತೆಳ್ಳಗೆ ಮಣ್ಣು ಕೂತ ಕಡೆ ಹುಲ್ಲು ಬೇಗ ಒಣಗಿ ಹಳದಿಯಾಗುತ್ತದೆ. ಪಾದೆಯ ಮೇಲಿನ ಹುಲ್ಲೂ ಬೇಗ ಒಣಗುತ್ತದೆ ನಿಜ, ಆದರೆ ಅದರ ಅಂಚು ಅಲ್ಲಲ್ಲಿ ಹರಿದ ಹಾಗಿರುತ್ತದೆ. ಕಾಂಕ್ರೀಟಿನ ಅಂಚು ಚಾಕುವಿನಲ್ಲಿ ಹಲ್ವ ಕೊಯ್ದ ಹಾಗೆ. ಬಣ್ಣಕ್ಕಿಂತ ಅಂಚನ್ನು ನಂಬಿ, ನನ್ನ ಲೆಕ್ಕ ಇಷ್ಟೇ.

ಸರಕಾರದ ಭೂನಕ್ಷೆಯ ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರಿನ ಗಡಿಗಳನ್ನೂ ಒಮ್ಮೆ ನೋಡಿಬಿಡಿ, ರನ್‌ವೇ ಜಾಗವಾಗಿದ್ದರೆ ಅದಕ್ಕೆ ಬೇರೆಯೇ ಗಡಿ ಇರುವ ಸಾಧ್ಯತೆ ಜಾಸ್ತಿ. ಖಾಸಗಿ ಜಾಗಗಳ ಗಡಿ ಆ ಗೆರೆಯನ್ನು ಲೆಕ್ಕಕ್ಕೇ ಇಡದೆ ಅಡ್ಡಾದಿಡ್ಡಿ ದಾಟಿದ್ದರೆ ನನಗೆ ಅನುಮಾನವೇ. ಅಜ್ಜ ಹೇಳಿದ್ದು ಸುಳ್ಳು ಅಂತ ಅಲ್ಲ. ಎಂಜಿನ್ ಕೆಟ್ಟು ಒಂದು ವಿಮಾನ ಒಂದೇ ಸಲ ಬಯಲಿಗೆ ಇಳಿದರೂ ಊರಿನವರು ಎಪ್ಪತ್ತು ವರ್ಷ ಅದನ್ನೇ ಹೇಳುತ್ತಾರೆ, ಅಲ್ವಾ?

ಪ್ರಶ್ನೆ: ಬಜ್ಪೆಯ ಮಂಗಳೂರು ವಿಮಾನ ನಿಲ್ದಾಣದ ಚಿತ್ರದಲ್ಲಿ ಎರಡು ರನ್‌ವೇ ಕಾಣುತ್ತವೆ, ಬೇರೆ ಬೇರೆ ದಿಕ್ಕಿಗೆ. 09, 27, 06, 24 ಅಂತೆಲ್ಲ ನಂಬರ್ ಇದೆಯಂತೆ. ಏನದು?
– ಓದುಗರು, ಕಾವೂರು

ಉತ್ತರ: ದಿಕ್ಸೂಚಿಯ ಡಿಗ್ರಿಯಲ್ಲಿ ಕೊನೆಯ ಸೊನ್ನೆ ಬಿಟ್ಟು ಬರೆಯುತ್ತಾರೆ. 09 ಅಂದರೆ 90 ಡಿಗ್ರಿ, ಪೂರ್ವಕ್ಕೆ ಮುಖ. ಅದೇ ರನ್‌ವೇಗೆ ಎದುರು ತುದಿಯಿಂದ ಬಂದರೆ 270, ಅಂದರೆ 27. ಈ 09/27 ಚಿಕ್ಕದು, ಹಳೆಯದು, ಸುಮಾರು 1,600 ಮೀಟರ್. 1951ರ ಡಿಸೆಂಬರ್ 25ರಂದು ನೆಹರೂ ಡಕೋಟಾ ವಿಮಾನದಲ್ಲಿ ಬಂದಿಳಿದು ಈ ನಿಲ್ದಾಣ ಶುರುವಾಯಿತು. 06/24 ಅನ್ನುವುದು 2006ರಲ್ಲಿ ಬಂದ 2,450 ಮೀಟರ್‌ನದ್ದು. ಹುಡುಕುವವರಿಗೆ ಇದು ಒಳ್ಳೆಯ ಪಾಠ, ಎರಡು ಕಾಲದ ರನ್‌ವೇ ಮೇಲಿನಿಂದ ಹೇಗೆ ಕಾಣುತ್ತದೆ ಅಂತ ಇಲ್ಲೇ ಕಣ್ಣು ಪಳಗಿಸಿಕೊಳ್ಳಿ. ಎಲ್ಲಾದರೂ ರನ್‌ವೇ ಮೇಲೆ ದೊಡ್ಡ ಬಿಳಿ ಗುಣಾಕಾರ ಚಿಹ್ನೆ ಕಂಡರೆ, ಅದು ಮುಚ್ಚಿದೆ, ಇಳಿಯಬೇಡಿ ಅಂತ ಪೈಲಟ್‌ಗಳಿಗೆ ಹೇಳುವ ಗುರುತು.

ಪ್ರಶ್ನೆ: ನಿಜವಾಗಿ ಪಾಳು ಬಿದ್ದ ಏರ್‌ಸ್ಟ್ರಿಪ್ ಎಲ್ಲಿ ನೋಡಬಹುದು? ಗೂಗಲ್‌ಗಿಂತ ಹಳೆಯ ಚಿತ್ರ ಸಿಗುತ್ತದಾ?
– ವಿದ್ಯಾರ್ಥಿ, ಮಣಿಪಾಲ

ಉತ್ತರ: ಒಡಿಶಾದ ರಾಸಗೋವಿಂದಪುರ ನೋಡಿ, ಯುದ್ಧಕಾಲದ ಅಮರ್ದಾ ರೋಡ್ ನಿಲ್ದಾಣ. ರನ್‌ವೇ 3 ಕಿಲೋಮೀಟರ್‌ಗೂ ಜಾಸ್ತಿ. ಚೆನ್ನೈ ಹೊರಗಿನ ಶೋಳಾವರಂ ಇನ್ನೊಂದು, ಯುದ್ಧ ಮುಗಿದ ಮೇಲೆ ಅಲ್ಲಿ ವರ್ಷಗಟ್ಟಲೆ ಮೋಟಾರ್ ರೇಸ್ ನಡೆಯಿತು.

ಹಳೆಯ ಚಿತ್ರಕ್ಕೆ ಕೊರೋನಾ ಹುಡುಕಿ. ಕಾಯಿಲೆ ಅಲ್ಲ, ಅಮೆರಿಕದ ಬೇಹುಗಾರಿಕೆ ಉಪಗ್ರಹ! 1960ರಿಂದ 1972ರವರೆಗೆ ಫಿಲ್ಮಿನಲ್ಲಿ ತೆಗೆದು, ಡಬ್ಬದಲ್ಲಿ ಕೆಳಗೆ ಬಿಟ್ಟು, ಪ್ಯಾರಾಶೂಟಿನಲ್ಲಿ ಇಳಿಯುವಾಗ ಗಾಳಿಯಲ್ಲೇ ವಿಮಾನದಿಂದ ಹಿಡಿಯುತ್ತಿದ್ದರು. 1995ರಲ್ಲಿ ಗುಟ್ಟು ಬಯಲು ಮಾಡಿದರು. ಈಗ ಅಮೆರಿಕದ ಭೂಗರ್ಭ ಸಮೀಕ್ಷೆಯ ಅರ್ತ್ ಎಕ್ಸ್‌ಪ್ಲೋರರ್‌ನಲ್ಲಿ ಸ್ಕ್ಯಾನ್ ಆದವು ಬಿಟ್ಟಿ ಸಿಗುತ್ತವೆ, ಆಗದವಕ್ಕೆ ದುಡ್ಡು ಕೊಡಬೇಕು. ಅಮೆರಿಕದ ಸೇನೆ 1950ರ ದಶಕದಲ್ಲಿ ಮಾಡಿದ ಭಾರತದ ನಕ್ಷೆಗಳೂ ಟೆಕ್ಸಾಸ್ ವಿಶ್ವವಿದ್ಯಾಲಯದ ತಾಣದಲ್ಲಿವೆ, ಅವುಗಳಲ್ಲಿ ವಿಮಾನ ನಿಲ್ದಾಣಗಳ ಗುರುತು ಹಾಕಿದ್ದಾರೆ. ಹಿರಿಯಡ್ಕದವರೂ ಇವೆರಡನ್ನು ನೋಡಿ, ಚಿತ್ರ ಕಳುಹಿಸಿ.

ಮತ್ತೆ, ಪದವಿಗೆ ಹೋಗಿ ಡ್ರೋನ್ ಹಾರಿಸುವ ಆಲೋಚನೆ ಇದ್ದರೆ ಮೊದಲು ಎಲ್ಲಿ ಡ್ರೋನ್ ಹಾರಿಸಬಹುದು ಅಂತ ತೋರಿಸುವ ಸರಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡಿ. ಜಾಗ ಕೆಂಪು ವಲಯದಲ್ಲಿದ್ದರೆ ಕೇಂದ್ರ ಸರಕಾರದ ಅನುಮತಿ ಇಲ್ಲದೆ ಹಾರಿಸುವಂತಿಲ್ಲ.